ಐದು ಭೇದಗಳ ಪಟ್ಟಿಯಲ್ಲಿ ಇಲ್ಲದ ಭಾಷೆ: ಗುತ್ತಿ, ಮದನಪಲ್ಲಿ, ಬಸವನಗುಡಿಗಳ ವಿಶ್ವಸೋದರತೆ

ಗೋರಂಟ್ಲ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ಗೋರಂಟಿ ಗಿಡ ನೆನಪಾಗುತ್ತದೆ, ತೆಲುಗರಿಗೆ ಗೋರಿಂಟ. ಊರಿನ ಹೆಸರಿನ ನಿಜವಾದ ನಿಷ್ಪತ್ತಿ ಏನೇ ಇರಲಿ, ಅದು ಎರಡೂ ನುಡಿಗಳಿಗೆ ಒಗ್ಗಿಕೊಂಡ ಹೆಸರೆಂಬುದರಲ್ಲಿ ಸಂದೇಹವಿಲ್ಲ. ಚಿತ್ರಾವತಿಯ ದಡದ ಈ ಪಟ್ಟಣವೂ, ಪಕ್ಕದ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳೂ ಆಡಳಿತದ ನಕ್ಷೆಯಲ್ಲಿ ಆಂಧ್ರಪ್ರದೇಶಕ್ಕೆ ಸೇರಿವೆ; ನುಡಿಯ ನಕ್ಷೆಯಲ್ಲಿ ಮಾತ್ರ ಹೀಗೆ ಒಂದೇ ಬಣ್ಣ ಬಳಿಯಲು ಬರುವುದಿಲ್ಲ. ಲೇಪಾಕ್ಷಿಯ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇಂದು ಅಮರಾಪುರಂ ಮಂಡಲದ ಒಂದು ಹಳ್ಳಿ. ಈ ಸೀಮೆಯ ಉತ್ತರಕ್ಕೆ ಗುತ್ತಿ, ಆಗ್ನೇಯಕ್ಕೆ ಮದನಪಲ್ಲಿ, ದಕ್ಷಿಣಕ್ಕೆ ಬೆಂಗಳೂರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಈ ಮೂರು ಊರುಗಳಲ್ಲಿ ಒಂದರ ನಂತರ ಒಂದರಂತೆ ಒಂದು ವಿಚಾರ ನೆಲೆ ಹುಡುಕಿತು. ಮನುಷ್ಯರೆಲ್ಲರೂ ಒಂದೇ ಕುಲದವರು, ರಾಷ್ಟ್ರಗಳು ಪರಸ್ಪರ ಸಹಕರಿಸಬೇಕು, ಪ್ರತಿಯೊಬ್ಬನೂ ತನ್ನ ದೇಶದ ಪ್ರಜೆಯಾಗಿರುವಂತೆಯೇ ಲೋಕದ ಪ್ರಜೆಯೂ ಆಗಬೇಕು ಎಂಬುದು ಆ ವಿಚಾರ. ಅದನ್ನು ಹೊತ್ತು ತಂದ ಸಂಘಗಳು ಯಾವ ಭಾಷೆಯಲ್ಲಿ ಮಾತನಾಡಿದವು, ಯಾವ ಭಾಷೆಗಳಿಗೆ ಕಿವಿಗೊಟ್ಟವು ಎಂಬ ಪ್ರಶ್ನೆ, ಗಡಿನಾಡಿನ ಭಾಷಾ ಅಲ್ಪಸಂಖ್ಯಾತರ ಚರಿತ್ರೆಯನ್ನು ಬರೆಯುವವರಿಗೆ ಬದಿಗಿರಿಸಲಾಗದ ಪ್ರಶ್ನೆ.

1875ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಥಿಯೊಸಾಫಿಕಲ್ ಸೊಸೈಟಿಯ ಸ್ಥಾಪಕರಾದ ಹೆಲೆನಾ ಬ್ಲಾವಟ್ಸ್ಕಿ ಮತ್ತು ಕರ್ನಲ್ ಹೆನ್ರಿ ಆಲ್ಕಾಟ್ 1879ರಲ್ಲಿ ಮುಂಬಯಿಗೆ ಬಂದಿಳಿದರು. 1882ರ ಕೊನೆಗೆ ಮದರಾಸಿನ ಅಡಯಾರಿನಲ್ಲಿ ನೆಲೆಸಿದರು. ಅಲ್ಲಿಂದ ರಾಯಲಸೀಮೆ ದೂರವಲ್ಲ. ರೈಲು ಆಗಲೇ ಬಂದಿತ್ತು. 1880ರ ದಶಕದಲ್ಲಿಯೇ ಗುತ್ತಿ, ಬಳ್ಳಾರಿಗಳಲ್ಲಿ ಸೊಸೈಟಿಯ ಶಾಖೆಗಳು ಎದ್ದವು. ಬೆಂಗಳೂರು ನಗರದ ಶಾಖೆ 1886ರದು. ವಕೀಲರು, ತಾಲ್ಲೂಕು ಕಚೇರಿಯ ಅಧಿಕಾರಿಗಳು, ಶಾಲಾ ಉಪಾಧ್ಯಾಯರು, ಅಂದರೆ ಇಂಗ್ಲಿಷ್ ಬಲ್ಲ ಹೊಸ ಮಧ್ಯಮವರ್ಗವೇ, ಇಂಥ ಶಾಖೆಗಳ ಜೀವಾಳ. 1891ರಲ್ಲಿ ಭಾರತೀಯ ವಿಭಾಗವು ಪ್ರತ್ಯೇಕವಾಗಿ ರೂಪುಗೊಂಡಿತು. ಜಗತ್ತಿಗೆ ಒಂದು ಸಂಘ, ದೇಶಕ್ಕೊಂದು ವಿಭಾಗ, ಊರಿಗೊಂದು ಶಾಖೆ ಎಂಬ ಈ ಮೂರಂತಸ್ತಿನ ರಚನೆಯನ್ನು ಮುಂದಿನ ಅರುವತ್ತು ವರ್ಷಗಳ ಅಂತರರಾಷ್ಟ್ರೀಯ ಸಂಘಗಳಲ್ಲಿ ಬೇರೆ ಬೇರೆ ರೂಪಗಳಲ್ಲಿ ಕಾಣಬಹುದು.

ಸೊಸೈಟಿಯ ಮೂರು ಧ್ಯೇಯಗಳು ಈಗಿನ ರೂಪವನ್ನು ಪಡೆದದ್ದು 1896ರಲ್ಲಿ. ಮೊದಲನೆಯದು ಮಾನವಕುಲದ ವಿಶ್ವಸೋದರತೆ. ಯಾವ ಯಾವ ಭೇದಗಳನ್ನು ಎಣಿಸದೆ ಈ ಸೋದರತೆಯ ಕೇಂದ್ರವನ್ನು ಕಟ್ಟಬೇಕೆಂಬುದನ್ನೂ ಆ ಧ್ಯೇಯವಾಕ್ಯ ಹೆಸರಿಸುತ್ತದೆ: ಜನಾಂಗ, ಮತ, ಲಿಂಗ, ಜಾತಿ, ಬಣ್ಣ. ಮದರಾಸು ಪ್ರಾಂತ್ಯದ ಒಂದು ತಾಲ್ಲೂಕು ಕೇಂದ್ರದಲ್ಲಿ, ಅದೂ ಅಂದಿನ ದಿನಗಳಲ್ಲಿ, ಜಾತಿ ಎಂಬ ಮಾತನ್ನು ಸದಸ್ಯತ್ವದ ಷರತ್ತಿನೊಳಗೆ ಬರೆದಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಬರೆದಷ್ಟನ್ನು ಆಚರಿಸಿದರೇ ಎಂಬುದು ಬೇರೆ ವಿಚಾರ. ಆದರೆ ಭಾಷೆ ಈ ಪಟ್ಟಿಯಲ್ಲಿಲ್ಲ. ಬೇಕೆಂದೇ ಬಿಟ್ಟದ್ದೆಂದು ಹೇಳಲು ಆಧಾರವಿಲ್ಲ, ಹಾಗೆ ಊಹಿಸುವ ಅಗತ್ಯವೂ ಇಲ್ಲ. ಎಲ್ಲರೂ ಇಂಗ್ಲಿಷಿನಲ್ಲಿ ಮಾತನಾಡುವ ಸಭೆಯಲ್ಲಿ ಭಾಷಾಭೇದವೆಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಬಾಗಿಲಿನ ಹೊರಗೆ ನಿಂತವನಿಗಷ್ಟೇ ಬಾಗಿಲು ಇರುವುದು ತಿಳಿಯುತ್ತದೆ.

ಆಲ್ಕಾಟರು ತಮ್ಮ ಪ್ರವಾಸಗಳಲ್ಲಿ ಶಾಖೆಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದುದು ಸಂಸ್ಕೃತ ಪಾಠಶಾಲೆಗಳನ್ನೂ ಪುಸ್ತಕ ಭಂಡಾರಗಳನ್ನೂ ತೆರೆಯಿರಿ ಎಂದು. ಹೀಗಾಗಿ ರಾಯಲಸೀಮೆಯ ಶಾಖೆಗಳ ಲೋಕದಲ್ಲಿ ಎರಡು ಭಾಷೆಗಳಿಗೆ ಗೌರವದ ಪೀಠವಿತ್ತು: ಲೋಕದೊಡನೆ ಸಂಪರ್ಕಕ್ಕೆ ಇಂಗ್ಲಿಷ್, ಪುರಾತನದೊಡನೆ ಸಂಪರ್ಕಕ್ಕೆ ಸಂಸ್ಕೃತ. ಸದಸ್ಯರು ಮನೆಯಲ್ಲಿ ಆಡುತ್ತಿದ್ದ ತೆಲುಗು, ಕನ್ನಡಗಳು ಈ ಎರಡರ ನಡುವೆ ಸಿಕ್ಕಿ ನಿಂತವು. ಇದಕ್ಕೊಂದು ಅಪವಾದವೂ ಉಂಟು. 1894ರಲ್ಲಿ ಆಲ್ಕಾಟರು ಅಡಯಾರಿನ ಬಳಿ ಅಂದಿನ ಭಾಷೆಯಲ್ಲಿ ಪಂಚಮರೆನಿಸಿಕೊಂಡ ಮಕ್ಕಳಿಗಾಗಿ ಶಾಲೆ ತೆರೆದಾಗ ಅಲ್ಲಿ ಓದು ಬರಹಕ್ಕೆ ತಮಿಳೇ ಆಧಾರವಾಯಿತು. ಸಂಘದ ಸದಸ್ಯರಾಗುವವರಿಗೆ ಇಂಗ್ಲಿಷ್, ಸಂಘದ ನೆರವು ಪಡೆಯುವವರಿಗೆ ದೇಶಭಾಷೆ ಎಂಬ ಈ ವಿಂಗಡಣೆ ಆಗ ಯಾರಿಗೂ ವಿಚಿತ್ರವಾಗಿ ತೋರಲಿಲ್ಲ. ಇಂದಿಗೂ ಎಷ್ಟೋ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಅದು ಹಾಗೆಯೇ ನಡೆದುಬಂದಿದೆ.

ಗುತ್ತಿಯ ಸಾರ್ವಜನಿಕ ಜೀವನಕ್ಕೆ ಹೊರಲೋಕದ ಕಡೆಗೆ ಇನ್ನೊಂದು ಕಿಟಕಿಯೂ ತೆರೆದಿತ್ತು. 1885ರ ಮೊದಲ ಕಾಂಗ್ರೆಸ್ ಅಧಿವೇಶನದಲ್ಲಿ ಭಾಗವಹಿಸಿದ ಗುತ್ತಿಯ ವಕೀಲ ಪಿ. ಕೇಶವ ಪಿಳ್ಳೆಯವರು 1922ರಲ್ಲಿ ಭಾರತ ಸರ್ಕಾರದ ನಿಯೋಗದ ಸದಸ್ಯರಾಗಿ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾಕ್ಕೆ ಹೋದರು. ಅಲ್ಲಿಗೆ ಮತ್ತೆ ಭಾರತೀಯ ಕೂಲಿಗಳನ್ನು ಕಳುಹಿಸಬಹುದೇ ಎಂಬುದು ಪರಿಶೀಲನೆಯ ವಿಷಯ. ಪಿಳ್ಳೆ ಮತ್ತು ತಿವಾರಿ ಒಂದು ವರದಿ ಕೊಟ್ಟರೆ ಮೂರನೆಯ ಸದಸ್ಯ ಕೀಟಿಂಗ್ ಪ್ರತ್ಯೇಕ ವರದಿ ಕೊಟ್ಟರು. ಕರಾರು ಕೂಲಿಯ ಬದುಕನ್ನು ಕಂಡುಬಂದ ಗುತ್ತಿಯ ವಕೀಲನಿಗೆ ಅಂತರರಾಷ್ಟ್ರೀಯತೆ ಎಂದರೆ ತತ್ತ್ವಚರ್ಚೆಯ ವಿಷಯವಾಗಿರಲಿಲ್ಲ; ಅದು ಹಡಗಿನ ತಳದಲ್ಲಿ ಸಾಗಿದವರ ಲೆಕ್ಕಪತ್ರ. ಆ ಹಡಗುಗಳಲ್ಲಿ ತಮಿಳರೂ ತೆಲುಗರೂ ಇದ್ದರು. ತೋಟಗಳಲ್ಲಿ ಅವರೆಲ್ಲರಿಗೂ ಇದ್ದ ಹೆಸರು ಮದರಾಸಿಗಳು ಎಂಬುದೊಂದೇ. ಭಾಷೆ ಅಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ.

ಗುತ್ತಿಯ ನಂತರ ಈ ವಿಚಾರ ಗಟ್ಟಿಯಾಗಿ ಬೇರುಬಿಟ್ಟದ್ದು ಮದನಪಲ್ಲಿಯಲ್ಲಿ. ಜಿಡ್ಡು ಕೃಷ್ಣಮೂರ್ತಿಯವರು 1895ರಲ್ಲಿ ಹುಟ್ಟಿದ ಆ ಊರಿನಲ್ಲಿ ಆನಿ ಬೆಸೆಂಟರು 1915ರಲ್ಲಿ ಕಾಲೇಜು ತೆರೆದರು. ಆಗ ಸೊಸೈಟಿಯ ಅಧ್ಯಕ್ಷರೂ ಹೋಂರೂಲ್ ಚಳವಳಿಯ ನಾಯಕರೂ ಬೆಸೆಂಟರೇ ಆಗಿದ್ದರಿಂದ, ವಿಶ್ವಸೋದರತೆ ಮತ್ತು ಸ್ವರಾಜ್ಯಗಳು ಒಂದೇ ಆವರಣದಲ್ಲಿ ವಾಸಿಸತೊಡಗಿದವು. ಇವೆರಡಕ್ಕೂ ವಿರೋಧವಿಲ್ಲವೆಂಬುದು ಬೆಸೆಂಟರ ನಿಲುವು: ಸ್ವತಂತ್ರರಾದ ರಾಷ್ಟ್ರಗಳಷ್ಟೇ ಸೋದರರಾಗಬಲ್ಲವು. ಕಾಲೇಜಿನ ಪ್ರಾಂಶುಪಾಲರಾಗಿ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮತ್ತು ಅವರ ಪತ್ನಿ, ಸಂಗೀತಜ್ಞೆ ಮಾರ್ಗರೇಟ್ ಕಸಿನ್ಸ್, ಈ ನಿಲುವಿಗೆ ಸಹಜವಾಗಿಯೇ ಒಲಿದವರು. ಅವರ ದೇಶವೂ ಬ್ರಿಟನ್ನಿನ ಅಧೀನದಲ್ಲಿಯೇ ಇತ್ತು.

1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಗೆ ಬಂದು ಕೆಲದಿನ ತಂಗಿದ್ದಾಗ ನಡೆದದ್ದು ಪ್ರಸಿದ್ಧವಾಗಿದೆ. ಅವರು ಹಾಡಿದ ಜನಗಣಮನವನ್ನು ಕೇಳಿದ ವಿದ್ಯಾರ್ಥಿಗಳೂ ಅಧ್ಯಾಪಕರೂ ಅದಕ್ಕೆ ಮನಸೋತರು. ಆ ತಿಂಗಳ 28ರಂದು ಕವಿ ಅದರ ಇಂಗ್ಲಿಷ್ ಅನುವಾದವನ್ನು ತಾವೇ ಬರೆದುಕೊಟ್ಟರು. ರಾಗದ ಸ್ವರಲಿಪಿಯ ಕೆಲಸದಲ್ಲಿ ಮಾರ್ಗರೇಟ್ ಕಸಿನ್ಸ್ ನೆರವಾದರು. ಈ ಪ್ರಸಂಗವನ್ನು ರಾಷ್ಟ್ರಗೀತೆಯ ಇತಿಹಾಸದ ಅಂಗವಾಗಿ ಎಲ್ಲರೂ ಹೇಳುತ್ತಾರೆ. ಭಾಷೆಯ ಕಣ್ಣಿನಿಂದ ನೋಡಿದರೆ ಬೇರೊಂದು ಸಂಗತಿ ತೋರುತ್ತದೆ. ತೆಲುಗು ಸೀಮೆಯ ಒಂದು ಪಟ್ಟಣದಲ್ಲಿ, ಐರಿಷ್ ದಂಪತಿಗಳ ಮುಂದೆ, ಒಂದು ಬಂಗಾಳಿ ಹಾಡು ಎಲ್ಲರಿಗೂ ಸೇರಿದ್ದೆನಿಸಿಕೊಳ್ಳಲು ಇಂಗ್ಲಿಷಿಗೆ ಹೋಗಬೇಕಾಯಿತು. ಆದರೆ ಕೊನೆಗೆ ದೇಶ ಉಳಿಸಿಕೊಂಡದ್ದು ಆ ಇಂಗ್ಲಿಷನ್ನಲ್ಲ, ಮೂಲದ ನುಡಿಯನ್ನೇ. ಅನುವಾದವು ದಾರಿಯಾಗಿ ಕೆಲಸ ಮಾಡಿ ಹಿಂದೆ ಸರಿಯಿತು.

ಕಸಿನ್ಸರ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸ್ಥಿರವಾಗಿರುವುದು ಇದೇ ಬಗೆಯ ಇನ್ನೊಂದು ಘಟನೆಯಿಂದ. 1924ರಲ್ಲಿ ಅವರು ಮೈಸೂರಿನಲ್ಲಿದ್ದರು. ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸುವುದರಲ್ಲಿ ಅವರ ಪಾತ್ರವಿತ್ತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ, 1922ರಲ್ಲಿ ಒಂದು ಇಂಗ್ಲಿಷ್ ಸಂಕಲನವನ್ನೂ ಪ್ರಕಟಿಸಿದ್ದ ವಿದ್ಯಾರ್ಥಿ ಕೆ.ವಿ. ಪುಟ್ಟಪ್ಪ ತಮ್ಮ ರಚನೆಗಳನ್ನು ತೆಗೆದುಕೊಂಡು ಅವರನ್ನು ಕಾಣಲು ಹೋದರು. ಕಸಿನ್ಸರು ಅವುಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿರುವಿರಾ ಎಂದು ವಿಚಾರಿಸಿ, ಪರಭಾಷೆಯಲ್ಲಿ ಸ್ವೋಪಜ್ಞ ಸೃಷ್ಟಿ ಕಷ್ಟಸಾಧ್ಯವೆಂಬ ಅರ್ಥದ ಬುದ್ಧಿಮಾತು ಹೇಳಿದರು. ಕನ್ನಡದಲ್ಲಿ ಇಂಗ್ಲಿಷಿನಂತೆ ಛಂದೋವೈವಿಧ್ಯವಿಲ್ಲವೆಂಬ ತರುಣನ ಆಕ್ಷೇಪಕ್ಕೂ, ಹೊಸ ರೂಪಗಳನ್ನು ನೀವೇ ತರಬೇಕೆಂಬ ಉತ್ತರ ಸಿದ್ಧವಿತ್ತು. ಮೊದಲು ಅಸಮಾಧಾನಗೊಂಡ ಪುಟ್ಟಪ್ಪ ಹಿಂದಿರುಗಿ ಕನ್ನಡದಲ್ಲಿ ಬರೆಯತೊಡಗಿದ್ದನ್ನು ಕುವೆಂಪು ತಮ್ಮ ಆತ್ಮಕಥೆಯಲ್ಲಿ ನಿರೂಪಿಸಿದ್ದಾರೆ.

ಈ ಕಥೆಯನ್ನು ಕನ್ನಡಾಭಿಮಾನದ ಉದಾಹರಣೆಯಾಗಿ ಹೇಳುವ ರೂಢಿ ಬಲವಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಬುದ್ಧಿ ಹೇಳಿದಾತ ಯಾರೆಂಬುದು ಮರೆಯಾಗುತ್ತದೆ. ಅವರು ಒಂದು ಅಂತರರಾಷ್ಟ್ರೀಯ ಸಂಘದ ಕಾರ್ಯಕರ್ತ. ಆಯರ್ಲೆಂಡಿನ ಸಾಹಿತ್ಯ ಪುನರುಜ್ಜೀವನದ ಬಳಗದಿಂದ ಬಂದವರು. ತಮ್ಮ ನಾಡಿನ ನುಡಿ ಇಂಗ್ಲಿಷಿನ ಒತ್ತಡದಲ್ಲಿ ಪಶ್ಚಿಮದ ಅಂಚಿಗೆ ಸರಿದುಹೋದದ್ದನ್ನು ಕಂಡ ಪೀಳಿಗೆ ಅದು. ತಾವು ಮಾತ್ರ ಇಂಗ್ಲಿಷಿನಲ್ಲಿಯೇ ಬರೆದವರು. ಪರಭಾಷೆಯ ಬಗೆಗಿನ ಆ ಮಾತಿನ ಹಿಂದೆ ಡಬ್ಲಿನ್ನಿನ ಅನುಭವವಿತ್ತೆಂದು ಊಹಿಸುವುದು ಅಸಂಗತವಾಗಲಾರದು. ಹೀಗೆ ವಿಶ್ವಸೋದರತೆಯ ಸಂಘವೊಂದು ಕನ್ನಡಕ್ಕೆ ಮಾಡಿದ ಅತಿದೊಡ್ಡ ಉಪಕಾರ ಅದರ ಕಾರ್ಯಕ್ರಮದ ಪಟ್ಟಿಯಲ್ಲಿ ಇರಲೇ ಇಲ್ಲ. ಮುಂದೆ ವಿಶ್ವಮಾನವ ಎಂಬ ಪದಕ್ಕೆ ಕನ್ನಡದಲ್ಲಿ ಬಾಳುವ ಅರ್ಥ ಕೊಟ್ಟ ಕವಿ ಅದೇ ಪುಟ್ಟಪ್ಪನವರಾದರು. 2015ರಿಂದ ಅವರ ಜನ್ಮದಿನವಾದ ಡಿಸೆಂಬರ್ 29ನ್ನು ಕರ್ನಾಟಕ ಸರ್ಕಾರ ವಿಶ್ವಮಾನವ ದಿನವಾಗಿ ಆಚರಿಸುತ್ತಿದೆ. ವಿಶ್ವಪೌರತ್ವದ ಕಲ್ಪನೆ ಕನ್ನಡದ ಸ್ವಂತ ನುಡಿಗಟ್ಟಾದದ್ದು ಒಬ್ಬ ಐರಿಷ್ ಮನುಷ್ಯ ಇಂಗ್ಲಿಷಿನ ಬಾಗಿಲನ್ನು ಮೃದುವಾಗಿ ಮುಚ್ಚಿದ ಮೇಲೆ.

ಆ ವರ್ಷಗಳಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಬೋಧಿಸುತ್ತಿದ್ದವರು ಕಲ್ಯಾಣದುರ್ಗದ ಕಡೆಯ ರಾಳ್ಳಪಲ್ಲಿಯಿಂದ ಬಂದ ಅನಂತಕೃಷ್ಣ ಶರ್ಮರು. 1912ರಿಂದ ಸುಮಾರು ನಾಲ್ಕು ದಶಕ ಅವರು ಅಲ್ಲಿದ್ದರು. ಪ್ರಾಕೃತದ ಗಾಥಾಸಪ್ತಶತಿಯ ಪದ್ಯಗಳನ್ನು ತೆಲುಗಿಗೆ ತಂದರು, ಸಂಗೀತ ಸಾಹಿತ್ಯಗಳ ಬಗ್ಗೆ ಕನ್ನಡದಲ್ಲಿಯೂ ಬರೆದರು, ಬಳಿಕ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಸಂಪಾದನೆಯಲ್ಲಿ ತೊಡಗಿದರು. ಸಾಂಸ್ಕೃತಿಕ ಸಹಕಾರವೆಂಬ ಮಾತನ್ನು ಯಾವ ಸಂಘದ ನಿಬಂಧನೆಗಳಿಂದಲೂ ಎರವಲು ಪಡೆಯದೆ ಗಡಿನಾಡಿನ ವಿದ್ವಾಂಸರು ಅದನ್ನು ದಿನನಿತ್ಯದ ಕೆಲಸವಾಗಿ ನಡೆಸಿಕೊಂಡು ಬಂದಿದ್ದರು.

ಬೆಂಗಳೂರಿಗೆ ಈ ವಿಚಾರವನ್ನು ತಂದು ಸಂಸ್ಥೆಯ ರೂಪ ಕೊಟ್ಟವರು ಬಿ.ಪಿ. ವಾಡಿಯಾ. 1881ರಲ್ಲಿ ಹುಟ್ಟಿದ ಈ ಪಾರ್ಸಿ ಥಿಯೊಸಾಫಿಯ ಆಕರ್ಷಣೆಯಿಂದ ಮುಂಬಯಿಯಿಂದ ಅಡಯಾರಿಗೆ ಬಂದು, ಸೊಸೈಟಿಯ ಪ್ರಕಟಣೆಗಳ ಕೆಲಸದಲ್ಲಿಯೂ ಬೆಸೆಂಟರ ನ್ಯೂ ಇಂಡಿಯಾ ಪತ್ರಿಕೆಯಲ್ಲಿಯೂ ದುಡಿದು, 1917ರಲ್ಲಿ ಬೆಸೆಂಟ್ ಮತ್ತು ಅರಂಡೇಲರೊಡನೆ ಉದಕಮಂಡಲದಲ್ಲಿ ಸ್ಥಾನಬದ್ಧತೆಯನ್ನು ಅನುಭವಿಸಿದರು. 1918ರ ಏಪ್ರಿಲ್ 27ರಂದು ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರ ನಡುವೆ ಸ್ಥಾಪನೆಯಾದ ಮದರಾಸು ಲೇಬರ್ ಯೂನಿಯನ್ನಿನ ಮೊದಲ ಅಧ್ಯಕ್ಷರು ಅವರೇ. ಭಾರತದ ಮೊದಲ ಸುಸಂಘಟಿತ ಕಾರ್ಮಿಕ ಸಂಘವೆಂದು ಅದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ವಾಡಿಯಾರ ಇಂಗ್ಲಿಷ್ ಮಾತು ಪೆರಂಬೂರಿನ ಸಭೆಗಳಲ್ಲಿ ತಮಿಳಿಗೆ ತಿರುಗಿಯೇ ಕಾರ್ಮಿಕರನ್ನು ತಲುಪುತ್ತಿತ್ತು. ತಮಿಳು ವಾಗ್ಮಿ ತಿರು. ವಿ. ಕಲ್ಯಾಣಸುಂದರ ಮುದಲಿಯಾರರಂಥವರು ಜೊತೆಗಿಲ್ಲದಿದ್ದರೆ ಆ ಸಂಘ ನಿಲ್ಲುತ್ತಿರಲಿಲ್ಲ. ಮರುವರ್ಷ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪ್ರಥಮ ಸಮ್ಮೇಳನಕ್ಕೆ ಭಾರತದ ಕಾರ್ಮಿಕ ಪ್ರತಿನಿಧಿ ಎನ್.ಎಂ. ಜೋಶಿಯವರ ಸಲಹೆಗಾರರಾಗಿ ವಾಡಿಯಾ ಹೋದರು. ಊಟಕ್ಕೆ ಸಾಕಷ್ಟು ಬಿಡುವು ಬೇಕೆಂಬ ಪೆರಂಬೂರಿನ ಕೂಲಿಯ ಬೇಡಿಕೆ ತಮಿಳಿನಿಂದ ಇಂಗ್ಲಿಷಿಗೆ ದಾಟಿಯೇ ಜಗತ್ತಿನ ವೇದಿಕೆಯ ಬಳಿಗೆ ಹೋಗಬೇಕಿತ್ತು. ಅಂತರರಾಷ್ಟ್ರೀಯ ಸಹಕಾರದ ಇತಿಹಾಸಗಳಲ್ಲಿ ಪ್ರತಿನಿಧಿಗಳ ಹೆಸರುಗಳಿರುತ್ತವೆ. ದುಭಾಷಿಗಳ ಹೆಸರುಗಳು ಅಪರೂಪ.

1922ರಲ್ಲಿ ವಾಡಿಯಾ ಅಡಯಾರಿನ ಸೊಸೈಟಿಯನ್ನು ತೊರೆದು ಯುನೈಟೆಡ್ ಲಾಡ್ಜ್ ಆಫ್ ಥಿಯೊಸಾಫಿಸ್ಟ್ಸ್ ಎಂಬ ಬೇರೊಂದು ಬಳಗವನ್ನು ಸೇರಿದರು. ಆ ಬಳಗದ ಒಳಜಗಳಗಳ ವಿವರ ಇಲ್ಲಿ ಅನಗತ್ಯ. ಕೊಲಂಬಿಯಾದಲ್ಲಿ ಹುಟ್ಟಿದ ಸೋಫಿಯಾ ಕಮಾಚೊ ಅವರನ್ನು ವಿವಾಹವಾದದ್ದು, ಇಬ್ಬರೂ 1929ರಲ್ಲಿ ಮುಂಬಯಿಗೆ ಬಂದದ್ದು, 1930ರಲ್ಲಿ ಆರ್ಯನ್ ಪಾತ್ ಎಂಬ ಮಾಸಪತ್ರಿಕೆ ಆರಂಭವಾದದ್ದು ಮುಂದಿನ ಘಟ್ಟಗಳು. 1933ರಲ್ಲಿ ಸೋಫಿಯಾ ವಾಡಿಯಾ ಪಿ.ಇ.ಎನ್. ಎಂಬ ಅಂತರರಾಷ್ಟ್ರೀಯ ಲೇಖಕರ ಸಂಘದ ಅಖಿಲ ಭಾರತ ಕೇಂದ್ರವನ್ನು ಸ್ಥಾಪಿಸಿದರು. ಠಾಕೂರರು ಅದರ ಮೊದಲ ಅಧ್ಯಕ್ಷರಾದರು.

ಭಾಷೆಯ ಪ್ರಶ್ನೆ ಮೊದಲ ಬಾರಿಗೆ ಬಹಿರಂಗವಾಗಿ ಎದುರಾದದ್ದು ಇಲ್ಲಿ. 1921ರಲ್ಲಿ ಲಂಡನ್ನಿನಲ್ಲಿ ಕ್ಯಾಥರಿನ್ ಡಾಸನ್ ಸ್ಕಾಟ್ ಸ್ಥಾಪಿಸಿದ ಪಿ.ಇ.ಎನ್.ನಲ್ಲಿ ದೇಶಕ್ಕೊಂದು ಕೇಂದ್ರವೆಂಬ ಕ್ರಮ ಆರಂಭದಲ್ಲಿಯೇ ಸಡಿಲವಾಗಿತ್ತು. 1922ರಲ್ಲಿಯೇ ಕತಲಾನ್ ಲೇಖಕರಿಗೆ ಬಾರ್ಸಿಲೋನಾದಲ್ಲಿ ತಮ್ಮದೇ ಕೇಂದ್ರ ದೊರೆಯಿತು. 1927ರಲ್ಲಿ, ಹೇಳಿಕೊಳ್ಳಲು ಒಂದು ದೇಶವೂ ಇಲ್ಲದ ಯಿಡ್ಡಿಷ್ ಭಾಷೆಗೂ ದೊರೆಯಿತು. ನುಡಿಯೇ ಲೋಕಸಭೆಯಲ್ಲಿ ಕೂರಲು ಸಾಕಾದ ಅರ್ಹತೆ ಎಂಬ ಈ ತತ್ತ್ವವನ್ನು ಭಾರತಕ್ಕೆ ಅನ್ವಯಿಸಿದ್ದರೆ ಕನ್ನಡಕ್ಕೊಂದು, ತೆಲುಗಿಗೊಂದು ಕೇಂದ್ರ ಏಳಬೇಕಿತ್ತು. ವಸಾಹತುಶಾಹಿಯ ಮುಂದೆ ಒಂದಾಗಿ ನಿಲ್ಲಬೇಕಾದ ಕಾಲ ಅದು. ಸೋಫಿಯಾ ವಾಡಿಯಾ ಕಟ್ಟಿದ್ದು ಎಲ್ಲ ಭಾಷೆಗಳನ್ನೂ ಒಳಗೊಂಡ ಒಂದೇ ಕೇಂದ್ರವನ್ನು. ಅದರ ಮಾಸಪತ್ರಿಕೆ ಇಂಗ್ಲಿಷಿನದು. ಭಾರತೀಯ ಸಾಹಿತ್ಯಗಳನ್ನು ಪರಿಚಯಿಸುವ ಗ್ರಂಥಮಾಲೆಯೂ ಇಂಗ್ಲಿಷಿನದೇ: 1941ರಲ್ಲಿ ಬಿರಿಂಚಿ ಕುಮಾರ ಬರುವಾರ ಅಸ್ಸಾಮಿ ಸಾಹಿತ್ಯ, 1944ರಲ್ಲಿ ಪಿ.ಟಿ. ರಾಜು ಅವರ ತೆಲುಗು ಸಾಹಿತ್ಯ ಪ್ರಕಟವಾದವು. ಹಿಂದೂಪುರದ ಕನ್ನಡ ಓದುಗನೊಬ್ಬ ಪಕ್ಕದ ಮನೆಯ ತೆಲುಗಿನ ಸಾಹಿತ್ಯ ಚರಿತ್ರೆಯನ್ನು ಮುಂಬಯಿಯ ಇಂಗ್ಲಿಷ್ ಪುಸ್ತಕದಿಂದ ತಿಳಿಯಬೇಕಾದ ಸ್ಥಿತಿಯನ್ನು ವ್ಯಂಗ್ಯವೆನ್ನಬಹುದು. ಆದರೆ ಅಸ್ಸಾಮಿಯ ಬಗ್ಗೆ ಆತನಿಗೆ ಬೇರೆ ದಾರಿಯೇ ಇರಲಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು. ಹಿಂದೆ ಪಟ್ಟಿಯಲ್ಲೇ ಇಲ್ಲದ ಭಾಷೆಗಳು ಇಲ್ಲಿ ಕಡೆಗೂ ಹೆಸರು ಹಿಡಿದು ಕರೆಸಿಕೊಂಡವು.

1945 ಈ ಕಥೆಯ ನಡುಗಂಬ. ಆ ವರ್ಷದ ಫೆಬ್ರವರಿಯಲ್ಲಿ ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಜೂನ್ 26ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಎ. ರಾಮಸ್ವಾಮಿ ಮುದಲಿಯಾರ್ ಒಬ್ಬರು. ಮರುವರ್ಷ ಅವರು ಮೈಸೂರಿನ ದಿವಾನರಾಗಿ ಬಂದರು. ಆಗಸ್ಟ್ 11ರಂದು ಬಸವನಗುಡಿಯಲ್ಲಿ ವಾಡಿಯಾ ದಂಪತಿಗಳ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ಉದ್ಘಾಟನೆಗೊಂಡಿತು; ಕೆಲವರ್ಷಗಳ ನಂತರ ಅದರ ಹೆಸರಿಗೆ ‘ವರ್ಲ್ಡ್’ ಸೇರಿತು. ಅಕ್ಟೋಬರ್‌ನಲ್ಲಿ ಪಿ.ಇ.ಎನ್.ನ ಅಖಿಲ ಭಾರತ ಲೇಖಕರ ಸಮ್ಮೇಳನ ಜೈಪುರದಲ್ಲಿ ಸೇರಿದಾಗ ಇಂಗ್ಲೆಂಡಿನಿಂದ ಇ.ಎಂ. ಫಾರ್ಸ್ಟರ್ ಬಂದಿದ್ದರು.

ಸ್ಯಾನ್‌ಫ್ರಾನ್ಸಿಸ್ಕೋದ ಸನ್ನದಿನ ಮೊದಲ ವಿಧಿಯಲ್ಲಿಯೇ ಇನ್ನೊಂದು ಪಟ್ಟಿಯಿದೆ. ಮಾನವ ಹಕ್ಕುಗಳು ಯಾವ ಭೇದವೂ ಇಲ್ಲದೆ ಎಲ್ಲರಿಗೂ ಸಲ್ಲಬೇಕೆನ್ನುವಾಗ ಅದು ಎಣಿಸುವುದು ನಾಲ್ಕನ್ನು: ಜನಾಂಗ, ಲಿಂಗ, ಭಾಷೆ, ಧರ್ಮ. ಅರ್ಧ ಶತಮಾನದ ಹಿಂದಿನ ಅಡಯಾರಿನ ಪಟ್ಟಿಯಲ್ಲಿದ್ದ ಜಾತಿ ಇಲ್ಲಿ ಬಿಟ್ಟುಹೋಗಿದೆ, ಅಲ್ಲಿಲ್ಲದ ಭಾಷೆ ಇಲ್ಲಿ ಬಂದಿದೆ. 1948ರ ಮಾನವ ಹಕ್ಕುಗಳ ಘೋಷಣೆಯ ಎರಡನೆಯ ವಿಧಿಯೂ ಭಾಷೆಯನ್ನು ಉಳಿಸಿಕೊಂಡಿತು. ಎರಡು ಮಹಾಯುದ್ಧಗಳ ನಡುವಿನ ಯೂರೋಪಿನಲ್ಲಿ ಭಾಷಾ ಅಲ್ಪಸಂಖ್ಯಾತರು ಪಟ್ಟ ಪಾಡು ಈ ಸೇರ್ಪಡೆಯ ಹಿನ್ನೆಲೆಯಲ್ಲಿದೆ.

ಬಸವನಗುಡಿಯ ಸಂಸ್ಥೆಯು ಉಪನ್ಯಾಸ, ಸಂಗೀತ, ನೃತ್ಯ, ಚಿತ್ರಪ್ರದರ್ಶನಗಳಿಂದಲೂ ದೊಡ್ಡ ಗ್ರಂಥಾಲಯದಿಂದಲೂ ಬೆಂಗಳೂರಿನವರ ಮನ್ನಣೆ ಗಳಿಸಿತು. ಅದಿರುವ ರಸ್ತೆಗೆ ಈಗ ವಾಡಿಯಾರದೇ ಹೆಸರು. ಸುತ್ತಲಿನವರ ಬಾಯಲ್ಲಿ ಅದು ಬರಿಯ ‘ವರ್ಲ್ಡ್ ಕಲ್ಚರ್’. ಇಂಗ್ಲಿಷ್ ಹೆಸರು ಕನ್ನಡವಾಗದೆಯೇ ಕನ್ನಡದ ಬಳಕೆಯಲ್ಲಿ ಬೆರೆತುಹೋದದ್ದು ಆ ಸಂಸ್ಥೆಯ ಸ್ವಭಾವಕ್ಕೆ ಒಪ್ಪುವಂತಿದೆ. ಯುನೆಸ್ಕೋದ ಆದರ್ಶಗಳನ್ನು ಅದು ತನ್ನವೆಂದು ಭಾವಿಸಿತು. ಗೋಖಲೆ ಸಂಸ್ಥೆಯಲ್ಲಿ ಡಿ.ವಿ.ಜಿ. ಪೌರನೀತಿಯನ್ನು ಕನ್ನಡದಲ್ಲಿ ಕಲಿಸುತ್ತಿದ್ದ ಕಾಲದಲ್ಲಿ, ಅಷ್ಟು ದೂರವಲ್ಲದ ಇನ್ನೊಂದು ಸಭಾಂಗಣದಲ್ಲಿ ವಿಶ್ವಪೌರತ್ವದ ಚರ್ಚೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯಿತು. ಎರಡಕ್ಕೂ ಹೋಗುತ್ತಿದ್ದ ಶ್ರೋತೃಗಳು ಇದನ್ನು ಸಹಜವೆಂದೇ ತಿಳಿದಿರಬೇಕು: ಊರಿನ ಪ್ರಜೆಗೆ ಕನ್ನಡ, ಲೋಕದ ಪ್ರಜೆಗೆ ಇಂಗ್ಲಿಷ್. 1958ರ ಆಗಸ್ಟ್‌ನಲ್ಲಿ ವಾಡಿಯಾ ತೀರಿಕೊಂಡರು. 1962ರಲ್ಲಿ ಪಿ.ಇ.ಎನ್.ನ ಆರನೆಯ ಅಖಿಲ ಭಾರತ ಸಮ್ಮೇಳನ ಮೈಸೂರಿನಲ್ಲಿ ಸೇರಿತು.

ಇಷ್ಟರಲ್ಲಿ ಗಡಿ ಗೀಚಿಯಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಉಳಿದದ್ದು ಮೈಸೂರಿಗೆ ಬಂದಿತು. ಅನಂತಪುರ ಜಿಲ್ಲೆಯೊಳಗಿದ್ದ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳು ಇದ್ದಲ್ಲಿಯೇ ಇದ್ದವು. ಅವು ಕದಲಲಿಲ್ಲ, ಅವುಗಳ ಸುತ್ತ ರಾಜ್ಯದ ಅರ್ಥವೇ ಬದಲಾಯಿತು. ಮದರಾಸು ಪ್ರಾಂತ್ಯದಲ್ಲಿ ಹಲವರ ನಡುವೆ ಒಂದಾಗಿದ್ದ ಕನ್ನಡ, ತೆಲುಗಿನ ಹೆಸರಿನಲ್ಲಿ ಕಟ್ಟಿದ ರಾಜ್ಯದಲ್ಲಿ ಅಲ್ಪಸಂಖ್ಯಾತರ ಭಾಷೆಯಾಯಿತು. 1956ರ ನವೆಂಬರ್‌ನಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದ ನೀಲಂ ಸಂಜೀವ ರೆಡ್ಡಿ ಅನಂತಪುರ ಜಿಲ್ಲೆಯ ಇಲ್ಲೂರಿನವರು. ಬಾಲ್ಯದಲ್ಲಿ ಓದಿದ್ದು ಅಡಯಾರಿನ ಥಿಯೊಸಾಫಿಕಲ್ ಶಾಲೆಯಲ್ಲಿ. ಭೇದಗಳನ್ನು ಎಣಿಸದ ಶಾಲೆಯ ವಿದ್ಯಾರ್ಥಿಯೊಬ್ಬರು ಭಾಷೆಯ ಆಧಾರದ ರಾಜ್ಯವನ್ನು ಮೊದಲು ಮುನ್ನಡೆಸಿದ್ದನ್ನು ವಿರೋಧಾಭಾಸವೆಂದು ಕಾಣಬೇಕಾಗಿಲ್ಲ. ಭಾಷೆ ಆ ಶಾಲೆಯ ಪಟ್ಟಿಯಲ್ಲಿ ಇರಲೇ ಇಲ್ಲವಲ್ಲ!

ಅದೇ 1953ರಲ್ಲಿ ಪ್ಯಾರಿಸಿನಲ್ಲಿ ಯುನೆಸ್ಕೋ ಒಂದು ಪುಸ್ತಕ ಪ್ರಕಟಿಸಿತು. ಶಿಕ್ಷಣದಲ್ಲಿ ದೇಶಭಾಷೆಗಳ ಬಳಕೆಯನ್ನು ಕುರಿತು 1951ರಲ್ಲಿ ಸೇರಿದ್ದ ತಜ್ಞರ ಸಭೆಯ ಫಲ ಅದು. ಮಗುವಿನ ಕಲಿಕೆಗೆ ತಾಯ್ನುಡಿಯೇ ಉತ್ತಮ ಮಾಧ್ಯಮ, ಅದನ್ನು ಸಾಧ್ಯವಾದಷ್ಟು ದೂರ ಮುಂದುವರಿಸಬೇಕು ಎಂಬುದು ಅದರ ಸಾರ. ವಿಶ್ವಸಂಸ್ಥೆಯ ಪರಿವಾರ ರಾಯಲಸೀಮೆಯ ಗಡಿಶಾಲೆಗೆ ನೇರವಾಗಿ ಹೇಳಬಹುದಾದ ಮಾತು ಇದಕ್ಕಿಂತ ಬೇರೆ ಇರಲಿಲ್ಲ. ಅಮರಾಪುರಂ, ರೊಳ್ಳ, ಗುಡಿಬಂಡೆ, ಅಗಳಿಗಳ ಕನ್ನಡ ಶಾಲೆಗಳಿಗೆ ಬೇಕಾದ ವಾದವೂ ಅದೇ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸಿತು. 350ಬಿ ವಿಧಿ ಅದನ್ನು ನೋಡಿಕೊಳ್ಳುವ ವಿಶೇಷಾಧಿಕಾರಿಯನ್ನು ಸೃಷ್ಟಿಸಿತು. ವಿಧಿಯ ಕ್ರಿಯಾಪದ ‘ಯತ್ನಿಸುವುದು’ ಎಂದಿರುವುದರ ಭಾರವನ್ನು ಗಡಿನಾಡಿನ ಉಪಾಧ್ಯಾಯರು ಚೆನ್ನಾಗಿ ಬಲ್ಲರು: ಪಠ್ಯಪುಸ್ತಕ ತಡವಾಗಿ ಬಂದಾಗ, ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಖಾಲಿ ಉಳಿದಾಗ, ಪ್ರೌಢಶಾಲೆಗೆ ಹೋಗುವ ಮಗು ಮಾಧ್ಯಮ ಬದಲಿಸಬೇಕಾದಾಗ ಯತ್ನ ನಡೆದಿದೆಯೆಂಬ ಉತ್ತರವೇ ಸಾಕಾಗಿಬಿಡುತ್ತದೆ.

ಲೇಖಕರ ಸಂಘ ಈ ಪ್ರಶ್ನೆಗೆ ಮರಳಿ ಬಂದದ್ದು ಬಹಳ ತಡವಾಗಿ. 1996ರ ಜೂನ್‌ನಲ್ಲಿ ಬಾರ್ಸಿಲೋನಾದಲ್ಲಿ, 1922ರಲ್ಲಿ ಕತಲಾನ್ ಕೇಂದ್ರ ಹುಟ್ಟಿದ ಅದೇ ನಗರದಲ್ಲಿ, ಭಾಷಾ ಹಕ್ಕುಗಳ ಸಾರ್ವತ್ರಿಕ ಘೋಷಣೆಯೊಂದು ಸಿದ್ಧವಾಯಿತು. ಅದನ್ನು ಸಿದ್ಧಪಡಿಸುವಲ್ಲಿ ಪಿ.ಇ.ಎನ್.ನ ಅನುವಾದ ಮತ್ತು ಭಾಷಾ ಹಕ್ಕುಗಳ ಸಮಿತಿ ಮುಂದಾಗಿತ್ತು. ಯುನೆಸ್ಕೋದ ಮುಂದಿಟ್ಟರೂ ಆ ಘೋಷಣೆ ಔಪಚಾರಿಕ ಅಂಗೀಕಾರ ಪಡೆಯಲಿಲ್ಲ. 2011ರಲ್ಲಿ ಅದರ ಸಾರವನ್ನು ಹತ್ತು ಅಂಶಗಳ ಜಿರೋನಾ ಪ್ರಣಾಳಿಕೆಯಾಗಿ ಸಂಘವು ಮತ್ತೆ ಹೊರಡಿಸಿತು. ಘೋಷಣೆಯ ಮೊದಲ ವಿಧಿಯೇ ಒಂದು ವ್ಯತ್ಯಾಸವನ್ನು ಸ್ಥಾಪಿಸುತ್ತದೆ. ಒಂದು ನೆಲದಲ್ಲಿ ಚಾರಿತ್ರಿಕವಾಗಿ ನೆಲೆಸಿದವರು ಭಾಷಾ ಸಮುದಾಯ. ಅಂಥ ಚಾರಿತ್ರಿಕ ಬೇರಿಲ್ಲದೆ ಇನ್ನೊಂದು ಸಮುದಾಯದ ನೆಲಕ್ಕೆ ಬಂದು ನೆಲೆಸಿದವರು ಭಾಷಾ ಗುಂಪು. ಹಕ್ಕುಗಳ ವ್ಯಾಪ್ತಿ ಈ ಎರಡಕ್ಕೂ ಒಂದೇ ಅಲ್ಲ. ಹಾಗೆಯೇ, ರಾಜಕೀಯ ಅಥವಾ ಆಡಳಿತದ ಗಡಿಯಿಂದಾಗಿ ತಮ್ಮ ಮುಖ್ಯ ಸಮುದಾಯದಿಂದ ಬೇರ್ಪಟ್ಟವರನ್ನೂ, ಸಮಾನ ಚರಿತ್ರೆಯುಳ್ಳ ಇನ್ನೊಂದು ಸಮುದಾಯದೊಡನೆ ಒಂದೇ ನೆಲವನ್ನು ಹಂಚಿಕೊಂಡವರನ್ನೂ ಸ್ವಂತ ನೆಲದಲ್ಲಿರುವ ಸಮುದಾಯವೆಂದೇ ಎಣಿಸಬೇಕೆಂದು ಅದು ಹೇಳುತ್ತದೆ.

ಮಡಕಶಿರ, ಹಿಂದೂಪುರಗಳ ಕನ್ನಡಿಗರನ್ನು ಸರ್ಕಾರಿ ಕಡತಗಳು ಸಾಮಾನ್ಯವಾಗಿ ಪಕ್ಕದ ರಾಜ್ಯದ ಭಾಷೆಯವರೆಂದು ವರ್ಣಿಸುತ್ತವೆ. ಬಾರ್ಸಿಲೋನಾದ ವಿಧಿಯನ್ನು ಹಿಡಿದು ನೋಡಿದರೆ ಅವರು ಗುಂಪಿನ ವರ್ಗಕ್ಕೆ ಸೇರಲಾರರು. ಹೇಮಾವತಿಯಲ್ಲಿ ನೊಳಂಬರು ಕನ್ನಡದಲ್ಲಿ ಶಾಸನ ಬರೆಸಿದಾಗ ಅಲ್ಲಿ ಯಾವ ರಾಜ್ಯದ ಗಡಿಯೂ ಇರಲಿಲ್ಲ. ಅದೇ ಸೀಮೆಯ ತೆಲುಗರ ನೆಲೆಯೂ ಅಷ್ಟೇ ಹಳೆಯದು.